ಹುಣ್ಣನ್ನೂ ಮದ್ದನ್ನೂ ಬಲ್ಲವರು: ಡಾ. ಯಲ್ಲಾಪ್ರಗಡ ಸುಬ್ಬರಾಯರು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಯಾರಿಗಾದರೂ ರಕ್ತದ ಕ್ಯಾನ್ಸರ್ ಎಂದು ತಿಳಿದುಬಂದರೆ ಹೆಚ್ಚಿನವರು ಹಿಡಿಯುವುದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ದಾರಿಯನ್ನೇ. ಮಂಡ್ಯ, ಮದ್ದೂರಿನವರು ಬೆಳಗಿನ ರೈಲು ಹತ್ತುತ್ತಾರೆ; ರೈಲು ಇಲ್ಲದ ಮಳವಳ್ಳಿಯವರು ಬಸ್ಸು ಹತ್ತುತ್ತಾರೆ. 1973ರಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿರಲಿ, ಮೈಸೂರಿನ ಆಸ್ಪತ್ರೆಗಳಲ್ಲಿರಲಿ, ಬರೆದುಕೊಡುವ ಔಷಧಿಗಳ ಪಟ್ಟಿಯಲ್ಲಿ, ಅದರಲ್ಲೂ ಮಕ್ಕಳ ಚೀಟಿಯಲ್ಲಿ, ಮೆಥೊಟ್ರೆಕ್ಸೇಟ್ ಎಂಬ ಹೆಸರು ಆಗಾಗ ಕಾಣಿಸಿಕೊಳ್ಳುತ್ತದೆ. ಅದನ್ನು ತೆಗೆದುಕೊಂಡ ಒಂದು ವಾರದ ಹೊತ್ತಿಗೆ ಕೆಲವರ ಬಾಯಿ ಹುಣ್ಣಾಗುತ್ತದೆ, ಹೊಟ್ಟೆ ಕೆಡುತ್ತದೆ, ಮೈ ಸೋಲುತ್ತದೆ. ಆಗ ಮನೆಯವರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ರೋಗವನ್ನು ಕಳೆಯಬೇಕಾದ ಮದ್ದು ಇನ್ನೊಂದು ರೋಗವನ್ನು ಏಕೆ ತಂದಿತು? ಈ ಪ್ರಶ್ನೆಗೆ ಉತ್ತರವು ಒಬ್ಬ ಮನುಷ್ಯನ ಬಾಳಿನಲ್ಲಿಯೇ ಅಡಗಿದೆ. ಆ ಮದ್ದು ಹುಟ್ಟಿದ ಪ್ರಯೋಗಾಲಯದ ಮುಖ್ಯಸ್ಥರೇ ತಮ್ಮ ಯೌವನದಲ್ಲಿ ಬಾಯಿಹುಣ್ಣು, ಅತಿಸಾರ, ರಕ್ತಹೀನತೆಗಳಿಂದ ಬಳಲಿ ಸಾವಿನ ಹೊಸ್ತಿಲಿನವರೆಗೆ ಹೋಗಿಬಂದವರು. ಅವರು ನಮ್ಮ ಪಕ್ಕದ ತೆಲುಗು ನಾಡಿನವರಾದ ಡಾಕ್ಟರ್ ಯಲ್ಲಾಪ್ರಗಡ ಸುಬ್ಬರಾವ್. ನಮ್ಮ ನಾಲಿಗೆಗೆ ಒಗ್ಗುವಂತೆ ಅವರನ್ನು ಸುಬ್ಬರಾಯರು ಎಂದೇ ಕರೆಯೋಣ.

ಅವರು ಜನಿಸಿದ್ದು 1895ರ ಜನವರಿ 12ರಂದು, ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಭೀಮವರದಲ್ಲಿ. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ತಂದೆ ಕಂದಾಯ ಇಲಾಖೆಯಲ್ಲಿ ಸಣ್ಣ ನೌಕರಿಯಲ್ಲಿದ್ದು, ಅನಾರೋಗ್ಯದ ಕಾರಣ ಅದನ್ನು ಬೇಗನೆ ಬಿಡಬೇಕಾಯಿತು. ಮನೆಯಲ್ಲಿ ಮಕ್ಕಳು ಹಲವರು, ಆದಾಯ ಅತ್ಯಲ್ಪ. ಬಾಲಕನಿಗೆ ಓದಿನಲ್ಲಿ ಮನಸ್ಸು ನಿಲ್ಲಲಿಲ್ಲ. ಹದಿಮೂರರ ವಯಸ್ಸಿನಲ್ಲಿ, ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಸಂಪಾದಿಸುವೆನೆಂದು ಮನೆಬಿಟ್ಟು ಹೊರಟಿದ್ದನಂತೆ. ದಾರಿಯಲ್ಲಿಯೇ ಹಿಡಿದು ತಂದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ಸೋತು ಮೂರನೆಯ ಸಲ ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ತೇರ್ಗಡೆಯಾದನು. ಮಕ್ಕಳು ಒಮ್ಮೆ ನಪಾಸಾದ ಮಾತ್ರಕ್ಕೆ ಓದು ಬಿಡಿಸಿ ಕೆಲಸಕ್ಕೆ ಹಚ್ಚುವ ತಂದೆತಾಯಿಯರು ಇದನ್ನು ಗಮನಿಸಬಹುದು. ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದಾಗ ರಾಮಕೃಷ್ಣ ಆಶ್ರಮದತ್ತ ಮನಸ್ಸು ವಾಲಿ ಸಂನ್ಯಾಸಿಯಾಗಬೇಕೆಂಬ ಹಂಬಲ ಮೂಡಿತು. ತಾಯಿ ಒಪ್ಪಲಿಲ್ಲ. ವೈದ್ಯನಾಗಿ ರೋಗಿಗಳ ಸೇವೆ ಮಾಡುವ ದಾರಿ ಉಳಿಯಿತು. ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು.

ಅದು ಗಾಂಧೀಜಿಯವರ ಕರೆ ದೇಶವನ್ನು ಎಚ್ಚರಿಸುತ್ತಿದ್ದ ಕಾಲ. ಸುಬ್ಬರಾಯರು ಶಸ್ತ್ರಚಿಕಿತ್ಸೆಯ ಕೊಠಡಿಗೂ ಖಾದಿಯ ನಿಲುವಂಗಿಯನ್ನೇ ತೊಟ್ಟು ಹೋದರು. ಶಸ್ತ್ರಚಿಕಿತ್ಸೆಯ ಆಂಗ್ಲ ಪ್ರಾಧ್ಯಾಪಕರಾದ ಬ್ರಾಡ್‌ಫೀಲ್ಡ್‌ರಿಗೆ ಇದು ಹಿಡಿಸಲಿಲ್ಲ. ಬರೆದ ಉತ್ತರಗಳು ಚೆನ್ನಾಗಿದ್ದರೂ ಪೂರ್ಣ ಎಂ.ಬಿ.ಬಿ.ಎಸ್. ಪದವಿ ದೊರೆಯದೆ, ಅದಕ್ಕಿಂತ ಕೆಳದರ್ಜೆಯದಾದ ಎಲ್.ಎಂ.ಎಸ್. ಪ್ರಮಾಣಪತ್ರ ಕೈಗೆ ಬಂದಿತು. ಮದ್ರಾಸ್ ವೈದ್ಯಕೀಯ ಸೇವೆಯಲ್ಲಿ ಕೆಲಸವೂ ಸಿಗಲಿಲ್ಲ.

ಈ ನಡುವೆ ಮನೆಯ ಮೇಲೆ ಬಂದೆರಗಿದ ಆಪತ್ತು ಅವರ ಇಡೀ ಬಾಳಿನ ದಿಕ್ಕನ್ನು ನಿರ್ಧರಿಸಿತು. ಆ ರೋಗದ ಹೆಸರು ಸ್ಪ್ರೂ. ನಮ್ಮ ಹಿರಿಯರು ಗ್ರಹಣಿ ಎಂದು ಕರೆಯುತ್ತಿದ್ದುದು ಬಹುಮಟ್ಟಿಗೆ ಇದನ್ನೇ. ನಾಲಿಗೆ ಕೆಂಪಾಗಿ ಸಿಪ್ಪೆಯೆದ್ದಂತಾಗುತ್ತದೆ. ತುಟಿ, ಕೆನ್ನೆಯ ಒಳಭಾಗ ಹುಣ್ಣಾಗುತ್ತದೆ. ತಿಂದದ್ದು ಮೈಗೆ ಹತ್ತದೆ ಹೊರಟುಹೋಗುತ್ತದೆ. ರಕ್ತ ತೆಳುವಾಗಿ ಮನುಷ್ಯನು ಬಿಳಿಚಿಕೊಂಡು ಒಣಗುತ್ತಾನೆ. ಸುಬ್ಬರಾಯರ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಒಬ್ಬರ ಹಿಂದೊಬ್ಬರು ಈ ರೋಗಕ್ಕೆ ಬಲಿಯಾದರು. ಬಳಿಕ ಅದು ಅವರನ್ನೇ ಹಿಡಿಯಿತು. ಅಂದಿನ ಇಂಗ್ಲಿಷ್ ವೈದ್ಯದಲ್ಲಿ ಅದಕ್ಕೆ ಮದ್ದಿರಲಿಲ್ಲ, ಕಾರಣವೂ ತಿಳಿದಿರಲಿಲ್ಲ. ಅವರನ್ನು ಉಳಿಸಿದವರು ಡಾಕ್ಟರ್ ಆಚಂಟ ಲಕ್ಷ್ಮೀಪತಿ ಎಂಬ ಆಯುರ್ವೇದ ಪಂಡಿತರು. ಗುಣಮುಖರಾದ ಮೇಲೆ ಸುಬ್ಬರಾಯರು ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿಯೇ ಅಂಗರಚನಾಶಾಸ್ತ್ರದ ಉಪನ್ಯಾಸಕರಾದರು.

ಇಲ್ಲಿ ಒಂದು ಮಾತು ಸೇರಿಸಬೇಕು, ಏಕೆಂದರೆ ಈ ಪ್ರಸಂಗವನ್ನು ಓದಿದವರು ಕ್ಯಾನ್ಸರ್ ಚಿಕಿತ್ಸೆಯನ್ನು ನಡುವೆ ಬಿಟ್ಟು ನಾಟಿ ಔಷಧಿಗೆ ಹೋಗಲು ಇದನ್ನೇ ಸಾಕ್ಷಿಯಾಗಿ ಹಿಡಿದಾರು. ಲಕ್ಷ್ಮೀಪತಿಯವರು ಪಾಶ್ಚಾತ್ಯ ವೈದ್ಯವನ್ನೂ ಕ್ರಮವಾಗಿ ಓದಿ ಪದವಿ ಪಡೆದಿದ್ದವರು. ರೋಗ ಯಾವುದೆಂದು ನಿಶ್ಚಯಿಸಿಕೊಂಡ ಮೇಲೆ ಮದ್ದು ಕೊಟ್ಟವರು. ಸ್ಪ್ರೂ ಕ್ಯಾನ್ಸರ್ ಅಲ್ಲ. ಸುಬ್ಬರಾಯರಾದರೂ ಗುಣವಾದೆನೆಂದು ಸುಮ್ಮನಾಗಲಿಲ್ಲ. ಆ ಗಿಡಮೂಲಿಕೆಯೊಳಗೆ, ಆಹಾರದೊಳಗೆ, ಯಾವ ವಸ್ತು ಈ ಕೆಲಸ ಮಾಡಿತೆಂಬುದನ್ನು ಬಿಡಿಸಿ ನೋಡಬೇಕೆಂಬ ಹಟ ಅವರಲ್ಲಿ ಹುಟ್ಟಿತು.

ಆ ಹಟವೇ ಅವರನ್ನು ಕಡಲಾಚೆಗೆ ಕಳಿಸಿತು. ಮಾವನವರ ನೆರವು, ಒಂದು ಧರ್ಮಸಂಸ್ಥೆಯ ಸಹಾಯಧನ ಇವುಗಳ ಬಲದಿಂದ 1922ರಲ್ಲಿ ಅಮೆರಿಕದ ಬಾಸ್ಟನ್ ನಗರವನ್ನು ಸೇರಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಉಷ್ಣವಲಯ ವೈದ್ಯ ಶಾಲೆಯ ವಿದ್ಯಾರ್ಥಿಯಾದರು. ಮಡದಿ ಶೇಷಗಿರಿಯಮ್ಮನವರು ಊರಿನಲ್ಲಿಯೇ ಉಳಿದರು. ಗಂಡ ಹೋದ ಬಳಿಕ ಹುಟ್ಟಿದ ಗಂಡುಮಗು ಎಳವೆಯಲ್ಲಿಯೇ ತೀರಿಕೊಂಡಿತು. ಮಗನ ಮುಖವನ್ನು ತಂದೆ ನೋಡಲೇ ಇಲ್ಲ.

ಬಾಸ್ಟನ್ನಿನಲ್ಲಿ ಹಣಕ್ಕೆ ಬಹಳ ತೊಂದರೆಯಾಯಿತು. ಭಾರತದ ವೈದ್ಯ ಪ್ರಮಾಣಪತ್ರವಿದ್ದ ಈ ಮನುಷ್ಯರು ಅಲ್ಲಿನ ಆಸ್ಪತ್ರೆಯೊಂದರಲ್ಲಿ ರಾತ್ರಿಯ ಕೆಲಸದಾಳಾಗಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆದರು. ಕ್ಯಾನ್ಸರ್ ವಾರ್ಡಿನಲ್ಲಿ ಯಾರೂ ನೋಡದ ಆ ಕೆಲಸವನ್ನು ಮಾಡುವ ಆಯಾಗಳನ್ನೂ ವಾರ್ಡ್‌ಬಾಯ್‌ಗಳನ್ನೂ ಕಂಡಾಗ ನಮಗೆ ಸುಬ್ಬರಾಯರ ಆ ರಾತ್ರಿಗಳ ನೆನಪಾಗುವುದುಂಟು. ಹಗಲು ಸೈರಸ್ ಫಿಸ್ಕ್ ಎಂಬ ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ ದುಡಿದರು. ರಕ್ತದಲ್ಲಿಯೂ ಮೂತ್ರದಲ್ಲಿಯೂ ರಂಜಕದ ಪ್ರಮಾಣವನ್ನು ಅಳೆಯುವ ವಿಧಾನವೊಂದನ್ನು ಇಬ್ಬರೂ 1925ರಲ್ಲಿ ಪ್ರಕಟಿಸಿದರು. ಫಿಸ್ಕ್-ಸುಬ್ಬರಾವ್ ವಿಧಾನವೆಂಬ ಹೆಸರಿನಿಂದ ಜೀವರಸಾಯನದ ವಿದ್ಯಾರ್ಥಿಗಳು ಅದನ್ನು ತಲೆಮಾರುಗಳ ಕಾಲ ಕಲಿತಿದ್ದಾರೆ. ಸ್ನಾಯುವಿನ ಶಕ್ತಿಗೆ ಆಧಾರವಾದ ಫಾಸ್ಫೊಕ್ರಿಯಾಟಿನ್ನನ್ನು 1927ರಲ್ಲಿ ಕಂಡರು. ಜೀವಕೋಶಗಳ ಶಕ್ತಿಯ ನಾಣ್ಯವೆನಿಸಿದ ಎ.ಟಿ.ಪಿ.ಯನ್ನು 1929ರಲ್ಲಿ ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಲೋಹ್ಮನ್ ಎಂಬವರೂ ಅದನ್ನು ಕಂಡುಕೊಂಡಿದ್ದರು. ಇಷ್ಟಾದರೂ ಹಾರ್ವರ್ಡಿನಲ್ಲಿ ಅವರಿಗೆ ಖಾಯಂ ಹುದ್ದೆ ದೊರೆಯಲಿಲ್ಲ. ಅವರ ಕೆಲವು ಶೋಧನೆಗಳು ಬೆಳಕಿಗೆ ಬಾರದೆ ಉಳಿದು, ಬೇರೆಯವರು ಅವನ್ನು ಮತ್ತೆ ಕಂಡುಹಿಡಿಯಬೇಕಾಯಿತೆಂದು, ಮುಂದೆ 1988ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಅವರ ಸಹೋದ್ಯೋಗಿ ಜಾರ್ಜ್ ಹಿಚಿಂಗ್ಸ್ ಹೇಳಿದ್ದಾರೆ.

1940ರಲ್ಲಿ ಸುಬ್ಬರಾಯರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲೆ ಔಷಧಿ ಕಂಪೆನಿಯ ಪ್ರಯೋಗಾಲಯವನ್ನು ಸೇರಿ, ಸ್ವಲ್ಪ ಕಾಲದಲ್ಲಿಯೇ ಸಂಶೋಧನೆಯ ಮುಖ್ಯಸ್ಥರಾದರು. ಇಲ್ಲಿ ಅವರ ಹಳೆಯ ಶತ್ರುವಾದ ಸ್ಪ್ರೂ ಮತ್ತೆ ಎದುರಾಯಿತು. ಈ ಶೋಧನೆಗೆ ನಮ್ಮ ದೇಶದ ನಂಟು ಇನ್ನೊಂದು ಬಗೆಯಲ್ಲಿಯೂ ಇದೆ. 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರಲ್ಲಿ ಕಾಣುತ್ತಿದ್ದ ತೀವ್ರ ರಕ್ತಹೀನತೆಯನ್ನು ಪರಿಶೀಲಿಸಿದರು. ಈಸ್ಟಿನ ಸಾರವನ್ನು ತಿನ್ನಿಸಿದಾಗ ಅದು ಗುಣವಾಗುವುದನ್ನು ಕಂಡು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿ ಏನೋ ಇದೆ, ಯಾವುದೆಂದು ತಿಳಿಯದು. ಹತ್ತು ವರ್ಷಗಳ ಬಳಿಕ, 1941ರಲ್ಲಿ, ಅಮೆರಿಕದ ಬೇರೊಂದು ಗುಂಪು ಪಾಲಕ್ ಸೊಪ್ಪಿನಿಂದ ತೆಗೆದ ಒಂದು ವಸ್ತುವಿಗೆ, ಎಲೆಯಿಂದ ಬಂದದ್ದೆಂಬ ಅರ್ಥದಲ್ಲಿ, ಫೋಲಿಕ್ ಆಮ್ಲವೆಂದು ಹೆಸರಿಟ್ಟಿತು. ಲೂಸಿ ವಿಲ್ಸ್ ಕಂಡ ಮದ್ದಿನ ತಿರುಳು ಇದೇ ಎಂಬುದು ಮುಂದೆ ಸ್ಪಷ್ಟವಾಯಿತು. ಅದನ್ನು ಪ್ರಯೋಗಾಲಯದಲ್ಲಿ ಕೃತಕವಾಗಿ ತಯಾರಿಸಿ, ಅದರ ರಚನೆಯನ್ನು ನಿಶ್ಚಯಿಸಿ, 1945ರ ಹೊತ್ತಿಗೆ ಜಗತ್ತಿಗೆ ಕೊಟ್ಟದ್ದು ಸುಬ್ಬರಾಯರ ಮೇಲ್ವಿಚಾರಣೆಯ ತಂಡ. ಅದನ್ನು ಸ್ಪ್ರೂ ರೋಗಿಗಳಿಗೆ ಕೊಟ್ಟಾಗ ಹುಣ್ಣಾದ ನಾಲಿಗೆ ಮಾಯಿತು, ಅತಿಸಾರ ನಿಂತಿತು, ರಕ್ತ ಏರಿತು. ಇಬ್ಬರು ಸಹೋದರರನ್ನು ಕಳೆದುಕೊಂಡು ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಸಂದಿದ್ದವು.

ಕಥೆ ಇಲ್ಲಿಗೇ ನಿಂತಿದ್ದರೂ ಸುಬ್ಬರಾಯರ ಬಾಳು ಸಾರ್ಥಕವೆನ್ನಬಹುದಿತ್ತು. ಆದರೆ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು ರಕ್ತದ ಕ್ಯಾನ್ಸರಿನಿಂದ ಸಾಯುತ್ತಿದ್ದ ಮಕ್ಕಳನ್ನು ನೋಡಿ ನೋಡಿ ಬೇಸತ್ತಿದ್ದರು. ಅವರ ಆಸ್ಪತ್ರೆಯಲ್ಲಿ ಲ್ಯುಕೀಮಿಯಾ ಮಕ್ಕಳಿಗೆ ಫೋಲಿಕ್ ಆಮ್ಲದ ಬಗೆಯ ಔಷಧಿ ಕೊಟ್ಟಾಗ, ರೋಗ ಇಳಿಯುವ ಬದಲು ವೇಗವಾಗಿ ಹೆಚ್ಚುವಂತೆ ತೋರಿತು. ಬೇರೊಬ್ಬರಾಗಿದ್ದರೆ ಇದನ್ನು ಸೋಲೆಂದು ಬಗೆದು ಕೈಬಿಡುತ್ತಿದ್ದರೇನೋ. ಫಾರ್ಬರರು ತಿರುಗಿಸಿ ಯೋಚಿಸಿದರು: ಕ್ಯಾನ್ಸರ್ ಕೋಶಕ್ಕೆ ಫೋಲಿಕ್ ಆಮ್ಲವೇ ಮೇವಾದರೆ, ಆ ಮೇವನ್ನು ತಡೆಯುವ ವಸ್ತು ಅದನ್ನು ಉಪವಾಸ ಕೆಡಹಬೇಕು. ಸುಬ್ಬರಾಯರ ತಂಡ ಫೋಲಿಕ್ ಆಮ್ಲದ ಅಣುವನ್ನು ತುಸುವೇ ಬದಲಿಸಿ, ನೋಡಲು ಅದರಂತೆಯೇ ಇದ್ದು ಕೆಲಸದಲ್ಲಿ ಅದಕ್ಕೆ ಅಡ್ಡ ನಿಲ್ಲುವ ವಸ್ತುಗಳನ್ನು ತಯಾರಿಸಿ ಕೊಟ್ಟಿತು. ಬೀಗದ ಕೈಯಂತೆಯೇ ಇದ್ದು, ಬೀಗದೊಳಗೆ ಸಿಕ್ಕಿಕೊಂಡು ಬೇರೆ ಕೈ ಹೋಗದಂತೆ ಮಾಡುವ ಕೈಯನ್ನು ಊಹಿಸಿಕೊಂಡರೆ ಸಾಕು. ಅಮಿನೊಪ್ಟೆರಿನ್ ಎಂಬುದು ಅವುಗಳಲ್ಲೊಂದು. ಅದರ ತಮ್ಮನೇ ಇಂದಿನ ಮೆಥೊಟ್ರೆಕ್ಸೇಟ್.

1947ರ ಕೊನೆಯ ತಿಂಗಳುಗಳಲ್ಲಿ ಫಾರ್ಬರರು ಅಮಿನೊಪ್ಟೆರಿನ್ನನ್ನು ಮಕ್ಕಳಿಗೆ ಚುಚ್ಚತೊಡಗಿದರು. 1948ರ ಜೂನಿನಲ್ಲಿ ಅವರು ಪ್ರಕಟಿಸಿದ ವರದಿಯಂತೆ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಕೆ ಕಂಡರು. ಹಾಸಿಗೆ ಹಿಡಿದಿದ್ದವರು ಎದ್ದು ಆಡಿದರು. ಚೇತರಿಕೆ ತಾತ್ಕಾಲಿಕವಾದದ್ದು, ಕೆಲವು ತಿಂಗಳುಗಳಷ್ಟೇ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಇನ್ನೊಂದನ್ನೂ ಮುಚ್ಚಿಡಲಿಲ್ಲ: ಮಕ್ಕಳ ಬಾಯಿ ಹುಣ್ಣಾಗುತ್ತಿತ್ತು.

ಸುಬ್ಬರಾಯರಿಗೆ ಈ ಹುಣ್ಣು ಹೊಸದಲ್ಲ. ಅವರ ನಾಲಿಗೆಯ ಮೇಲಿದ್ದದ್ದು, ಅವರ ಸಹೋದರರ ನಾಲಿಗೆಯ ಮೇಲಿದ್ದದ್ದು ಇದರ ಒಡಹುಟ್ಟು. ಅಲ್ಲಿ ಕರುಳು ಫೋಲಿಕ್ ಆಮ್ಲವನ್ನು ಹೀರಲಾರದೆ ಅದರ ಕೊರತೆ ಬಂದಿತ್ತು. ಇಲ್ಲಿ ವೈದ್ಯನೇ ಬೇಕೆಂದು ಅದರ ದಾರಿಯನ್ನು ಕಟ್ಟಿದ್ದಾನೆ. ಬಾಯಿಯ ಒಳಪೊರೆ, ಕರುಳಿನ ಒಳಪೊರೆ, ಎಲುಬಿನ ಮಜ್ಜೆ, ಕೂದಲಿನ ಬುಡ ಇವೆಲ್ಲ ನಮ್ಮ ಮೈಯಲ್ಲಿ ದಿನದಿನವೂ ಹಳತನ್ನು ಕಳಚಿ ಹೊಸತನ್ನು ಕಟ್ಟುವ ಜಾಗಗಳು. ಹೊಸ ಕೋಶ ಹುಟ್ಟಬೇಕಾದರೆ ಫೋಲಿಕ್ ಆಮ್ಲ ಬೇಕು. ಕ್ಯಾನ್ಸರ್ ಕೋಶವೂ ವೇಗವಾಗಿ ಹುಟ್ಟುವಂಥದು, ಬಾಯಿಯ ಕೋಶವೂ ಅಂಥದೇ. ಮದ್ದಿಗೆ ಮುಖ ನೋಡಿ ಮಣೆ ಹಾಕುವುದು ಗೊತ್ತಿಲ್ಲ.

ಆದುದರಿಂದಲೇ ಅಡ್ಡಪರಿಣಾಮ ಎಂಬ ನಮ್ಮ ಪದ ಸ್ವಲ್ಪ ದಾರಿ ತಪ್ಪಿಸುತ್ತದೆಂದು ನಮಗೆ ತೋರುತ್ತದೆ. ಈ ಹುಣ್ಣು ಅಡ್ಡರಸ್ತೆಯಿಂದ ನುಸುಳಿ ಬಂದದ್ದಲ್ಲ, ಮದ್ದು ನಡೆಯುವ ಹೆದ್ದಾರಿಯಲ್ಲಿಯೇ ಬಂದದ್ದು. ಸಂತ ಥಾಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲಿ, ಆತ್ಮರಕ್ಷಣೆಯ ವಿಷಯವನ್ನು ಚರ್ಚಿಸುವಾಗ, ಒಂದೇ ಕ್ರಿಯೆಗೆ ಎರಡು ಫಲಗಳು ಇರಬಹುದೆಂದೂ, ಅವುಗಳಲ್ಲಿ ಒಂದನ್ನು ಮಾತ್ರ ಉದ್ದೇಶಿಸಿ ಇನ್ನೊಂದನ್ನು ಉದ್ದೇಶಿಸದೆ ಇರುವುದು ಸಾಧ್ಯವೆಂದೂ ವಿವರಿಸಿದ್ದಾರೆ. ಗುರುಮಠದಲ್ಲಿ ತತ್ವಶಾಸ್ತ್ರ ಓದಿದವರೆಲ್ಲರೂ ಈ ದ್ವಿಫಲ ತತ್ವವನ್ನು ಬಾಯಿಪಾಠ ಮಾಡಿರುತ್ತಾರೆ. ಮದ್ದಿನ ಮಟ್ಟಿಗೆ ಕ್ರಿಯೆ ಒಂದೇ, ಉದ್ದೇಶವಿರುವುದು ವೈದ್ಯರಲ್ಲಿ. ಆದರೆ ಆ ಪಾಠದಲ್ಲಿ ಹಲವರು ಮರೆಯುವ ಒಂದು ಅಂಶವಿದೆ. ಉದ್ದೇಶಿಸದ ಆ ಎರಡನೆಯ ಫಲವನ್ನು ಕೈಲಾದಷ್ಟು ತಗ್ಗಿಸುವ ಹೊಣೆ ಕ್ರಿಯೆ ಮಾಡುವವನ ಮೇಲಿದೆ. ತಗ್ಗಿಸಬಲ್ಲ ನೋವನ್ನು ತಗ್ಗಿಸದೆ ಬಿಡುವುದಕ್ಕೆ ಅಕ್ವಿನಾಸರ ಒಪ್ಪಿಗೆಯನ್ನು ಯಾರೂ ಎರವಲು ಪಡೆಯಲಾಗದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ರೋಗಿಗಳ ಮನೆಗೆ ಪರಮಪ್ರಸಾದ ಒಯ್ಯುವಾಗ ನಾವು ಎರಡು ಬಗೆಯವರನ್ನು ಕಾಣುತ್ತೇವೆ. ಒಬ್ಬರು, ಬಾಯಿ ಹುಣ್ಣಾದ ಕೂಡಲೇ ಮದ್ದೇ ವಿಷವೆಂದು ತೀರ್ಮಾನಿಸಿ ಮುಂದಿನ ಸುತ್ತಿಗೆ ಆಸ್ಪತ್ರೆಗೆ ಹೋಗದೆ ಉಳಿಯುವವರು. ಇನ್ನೊಬ್ಬರು, ನಾಲ್ಕು ದಿನ ಅನ್ನ ಇಳಿಯದಿದ್ದರೂ ವೈದ್ಯರಿಗೆ ಹೇಳದೆ, ಪ್ರಭುಕ್ರಿಸ್ತರ ಯಾತನೆಗೆ ಒಪ್ಪಿಸಿದೆನೆಂದು ಬಾಯಿ ಮುಚ್ಚಿಕೊಂಡಿರುವವರು. ಮೊದಲನೆಯವರನ್ನು ಎಲ್ಲರೂ ಗದರುತ್ತಾರೆ. ಎರಡನೆಯವರನ್ನು ಎಲ್ಲರೂ ಹೊಗಳುತ್ತಾರೆ. ನಮಗೆ ಹೆಚ್ಚು ಚಿಂತೆಯಾಗುವುದು ಈ ಎರಡನೆಯವರದೇ. ತಪ್ಪಿಸಲಾಗದ ನೋವನ್ನು ದೇವರಿಗೆ ಒಪ್ಪಿಸುವುದು ಬೇರೆ, ಹೇಳಿದರೆ ವಾಸಿಯಾಗಬಲ್ಲ ನೋವನ್ನು ಅಡಗಿಸಿಡುವುದು ಬೇರೆ. ಜಗದ್ಗುರು ಪೋಪ್ ಹನ್ನೆರಡನೆಯ ಪಿಯುಸರು 1957ರಲ್ಲಿಯೇ, ನೋವು ನಿವಾರಿಸುವ ಔಷಧಿಯನ್ನು ಕಥೋಲಿಕರು ನಿಸ್ಸಂಕೋಚವಾಗಿ ಸ್ವೀಕರಿಸಬಹುದೆಂದು ವೈದ್ಯರಿಗೆ ಸ್ಪಷ್ಟಪಡಿಸಿದ್ದಾರೆ. ನಮ್ಮ ಪವಿತ್ರ ಬೈಬಲಿನಲ್ಲಿರುವ ಸಿರಾಖ ಗ್ರಂಥದ 38ನೆಯ ಅಧ್ಯಾಯ ವೈದ್ಯನನ್ನೂ ಮದ್ದನ್ನೂ ದೇವರ ಕೊಡುಗೆಯೆಂದೇ ಎಣಿಸುತ್ತದೆ.

ಬಾಯಿ ಮುಚ್ಚಿಕೊಂಡಿರುವುದು ಅಪಾಯಕರವೂ ಹೌದು. ಬಾಯಿಹುಣ್ಣು ತೀವ್ರವಾಗಿದ್ದರೆ ಅದೇ ಹೊತ್ತಿಗೆ ಮಜ್ಜೆಯೂ ಸೊರಗಿ ಬಿಳಿಯ ರಕ್ತಕಣಗಳು ಕುಸಿದಿರುವ ಸಂಭವವಿದೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೂ ಅದನ್ನು ಸಾಮಾನ್ಯ ಜ್ವರವೆಂದು ಬಗೆದು ಮಾತ್ರೆ ನುಂಗಿ ಮಲಗುವಂತಿಲ್ಲ. ಬೆಳಗಿನ ರೈಲಿಗೆ ಕಾಯದೆ ಅಂದೇ ಆಸ್ಪತ್ರೆ ಸೇರಬೇಕು. ಹೇಳಿದರೆ ವೈದ್ಯರು ಮಾಡಬಹುದಾದದ್ದು ಬಹಳವಿದೆ. ಮದ್ದಿನ ಪ್ರಮಾಣ ತಗ್ಗಿಸುತ್ತಾರೆ, ಇಲ್ಲವೆ ಮುಂದಿನ ಸುತ್ತನ್ನು ಕೆಲವು ದಿನ ಮುಂದಕ್ಕೆ ಹಾಕುತ್ತಾರೆ, ಹುಣ್ಣಿನ ನೋವಿಗೆ ಮರಗಟ್ಟಿಸುವ ದ್ರವ ಕೊಡುತ್ತಾರೆ.

ಎಲ್ಲಕ್ಕಿಂತ ಮಿಗಿಲಾಗಿ ಈ ಮದ್ದಿಗೆ ಪ್ರತಿಮದ್ದು ಇದೆ, ಮತ್ತು ಅದು ಸುಬ್ಬರಾಯರ ಫೋಲಿಕ್ ಆಮ್ಲದ ಮನೆತನಕ್ಕೇ ಸೇರಿದ್ದು. ಲ್ಯೂಕೊವೊರಿನ್ ಅಥವಾ ಫೋಲಿನಿಕ್ ಆಮ್ಲವೆಂದು ಅದರ ಹೆಸರು. ಮೆಥೊಟ್ರೆಕ್ಸೇಟ್ ಕಟ್ಟಿದ ಬಾಗಿಲನ್ನು ಬಳಸದೆಯೇ ಅದು ಕೋಶದೊಳಗೆ ಕೆಲಸ ಮಾಡಬಲ್ಲದು. 1970ರ ದಶಕದಲ್ಲಿ ಮಕ್ಕಳ ಮೂಳೆ ಕ್ಯಾನ್ಸರಿಗೆ, ಹಾಗೆಯೇ ಬಿಟ್ಟರೆ ಪ್ರಾಣವನ್ನೇ ತೆಗೆಯುವಷ್ಟು ಹೆಚ್ಚಿನ ಪ್ರಮಾಣದ ಮೆಥೊಟ್ರೆಕ್ಸೇಟ್ ಕೊಟ್ಟು, ನಿಗದಿತ ಗಂಟೆಗಳ ಬಳಿಕ ಲ್ಯೂಕೊವೊರಿನ್ ಕೊಟ್ಟು ಒಳ್ಳೆಯ ಕೋಶಗಳನ್ನು ಉಳಿಸುವ ಕ್ರಮ ಬಳಕೆಗೆ ಬಂದಿತು. ಅದು ಇಂದಿಗೂ ನಡೆಯುತ್ತಿದೆ. ಇಂಥ ಚಿಕಿತ್ಸೆಯ ದಿನಗಳಲ್ಲಿ ಆರು ಗಂಟೆಗೊಮ್ಮೆ ಎಂದು ಬರೆದಿದ್ದರೆ ಆರು ಗಂಟೆಗೊಮ್ಮೆಯೇ ಕೊಡಬೇಕು. ಮಗು ನಿದ್ದೆಯಲ್ಲಿದೆಯೆಂದು ಒಂದನ್ನು ಬಿಡಬಾರದು. ಹಾಗೆಂದು, ಫೋಲಿಕ್ ಆಮ್ಲ ಒಳ್ಳೆಯದೆಂದು ಮೆಡಿಕಲ್ ಸ್ಟೋರಿನಿಂದ ತಂದು ತಾವಾಗಿಯೇ ನುಂಗಲೂ ಬಾರದು. ಫಾರ್ಬರರ ಆಸ್ಪತ್ರೆಯ ಮಕ್ಕಳಲ್ಲಿ ಮೊದಲು ಆದದ್ದೇನೆಂಬುದು ನೆನಪಿರಲಿ. ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳನ್ನೂ ಕೇಳದೆ ತೆಗೆದುಕೊಳ್ಳಬಾರದು; ಅವು ಮೆಥೊಟ್ರೆಕ್ಸೇಟ್ ಮೈಯಿಂದ ಹೊರಹೋಗುವುದನ್ನು ತಡೆದು ವಿಷ ಹೆಚ್ಚಿಸಬಲ್ಲವು. ನಾಟಿ ಕಷಾಯಗಳ ಮಾತೂ ಇಷ್ಟೇ, ಯಕೃತ್ತಿನ ಮೇಲೆ ಎರಡು ಹೊರೆ ಬಿದ್ದಂತಾಗುತ್ತದೆ. ಸಂಧಿವಾತಕ್ಕೆ ಇದೇ ಮಾತ್ರೆಯನ್ನು ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳುವವರು ನಮ್ಮಲ್ಲಿ ಹಲವರಿದ್ದಾರೆ. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ.

ಮನೆಯಲ್ಲಿ ಮಾಡಬಹುದಾದದ್ದು ಸರಳ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಬೆರೆಸಿ, ದಿನಕ್ಕೆ ನಾಲ್ಕಾರು ಸಲ ಬಾಯಿ ಮುಕ್ಕಳಿಸಿ ಉಗಿಯುವುದು. ಮೃದುವಾದ ಬ್ರಷ್ಷು. ನಮ್ಮ ಮಂಡ್ಯ ಸೀಮೆಯ ಊಟದಲ್ಲಿ ಉಪ್ಸಾರಿನ ಖಾರವಿಲ್ಲದೆ ಮುದ್ದೆ ಇಳಿಯುವುದಿಲ್ಲವೆಂಬುದು ನಿಜ, ಆದರೆ ಹುಣ್ಣಾದ ಬಾಯಿಗೆ ಆ ಖಾರ ಕೆಂಡ. ಅದೇ ರಾಗಿಯನ್ನು ತೆಳ್ಳಗೆ ಗಂಜಿ ಕಾಯಿಸಿ, ಆರಿಸಿ, ಹಾಲು ಬೆರೆಸಿ ಕೊಟ್ಟರೆ ಇಳಿಯುತ್ತದೆ. ಮೆತ್ತಗೆ ಕಲಸಿದ ಅನ್ನ, ಬೆಂದ ಮೊಟ್ಟೆ, ಕಿವುಚಿದ ಬಾಳೆಹಣ್ಣು ಆಗಬಹುದು. ಎಳನೀರಿಗೆ ಹೆಸರಾದ ಮದ್ದೂರಿನವರಿಗೆ ಎಳನೀರು ಕುಡಿಸಲು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ರಕ್ತಕಣ ಕುಸಿದಿರುವಾಗ ರಸ್ತೆಬದಿಯ ಮಚ್ಚಿನಲ್ಲಿ ಕೊಚ್ಚಿದ್ದು ಬೇಡ. ಇಡೀ ಕಾಯಿ ತಂದು, ತೊಳೆದು, ಮನೆಯಲ್ಲಿ ಒಡೆಯಬೇಕು, ಅದೂ ವೈದ್ಯರನ್ನು ಕೇಳಿ. ತಪಸ್ಸುಕಾಲದ ಉಪವಾಸ ರೋಗಿಗಳಿಗೆ ಅನ್ವಯಿಸುವುದಿಲ್ಲ. ಪರಮಪ್ರಸಾದದ ಮುಂಚಿನ ಒಂದು ಗಂಟೆಯ ಉಪವಾಸದಿಂದಲೂ ಅವರಿಗೆ ವಿನಾಯಿತಿ ಇದೆ. ನುಂಗಲು ಕಷ್ಟವಾದವರು ಗುರುಗಳಿಗೆ ಮುಂಚೆಯೇ ತಿಳಿಸಿದರೆ ಪರಮಪ್ರಸಾದದ ಚಿಕ್ಕ ಚೂರೊಂದನ್ನು ಮಾತ್ರ ಕೊಟ್ಟು ಒಂದು ಗುಟುಕು ನೀರು ಕುಡಿಸುತ್ತಾರೆ. ಚೂರಿನಲ್ಲಿಯೂ ಪ್ರಭು ಪೂರ್ಣವಾಗಿಯೇ ಇದ್ದಾರೆ.

ಮತ್ತೆ ಸುಬ್ಬರಾಯರ ಕಡೆಗೆ ಬರೋಣ. ಆ ಕೊನೆಯ ವರ್ಷಗಳಲ್ಲಿ ಅವರ ಕೈಯಡಿಯಲ್ಲಿ ನಡೆದ ಕೆಲಸ ಒಬ್ಬ ಮನುಷ್ಯನ ಆಯುಷ್ಯಕ್ಕೆ ಮೀರಿದ್ದು. ಆನೆಕಾಲು ರೋಗಕ್ಕೆ ಡೈಈಥೈಲ್‌ಕಾರ್ಬಮಜೀನ್ ಎಂಬ ಮಾತ್ರೆ 1947ರಲ್ಲಿ ಬಂದಿತು. ನಮ್ಮ ರಾಜ್ಯದ ಕಲಬುರಗಿ, ಬೀದರ್, ಯಾದಗಿರಿ ಕಡೆ ಸರ್ಕಾರದ ಕಾರ್ಯಕರ್ತರು ಮನೆಮನೆಗೆ ಹಂಚಿದ ಡಿ.ಇ.ಸಿ. ಮಾತ್ರೆ ಅದೇ. 1948ರಲ್ಲಿ ಅವರ ಪ್ರಯೋಗಾಲಯದಿಂದಲೇ ಆರಿಯೋಮೈಸಿನ್ ಎಂಬ ಜೀವಿರೋಧಕ ಹೊರಬಂದಿತು. ಅದನ್ನು ಕಂಡುಹಿಡಿದ ವೃದ್ಧ ವಿಜ್ಞಾನಿ ಬೆಂಜಮಿನ್ ಡಗ್ಗರರನ್ನು ಮುಂದೆ ನಿಲ್ಲಿಸಿ ತಾವು ಹಿಂದೆ ಉಳಿದರು. ಫೋಲಿಕ್ ಆಮ್ಲದ ಬಳಗದ ಟೆರಾಪ್ಟೆರಿನ್ ಎಂಬ ಔಷಧಿಯನ್ನು ಅಮೆರಿಕದ ಪ್ರಸಿದ್ಧ ಬೇಸ್‌ಬಾಲ್ ಆಟಗಾರ, ಬಾಲ್ಯದಲ್ಲಿ ಕಥೋಲಿಕ ಬ್ರದರುಗಳ ಶಾಲೆಯಲ್ಲಿ ಬೆಳೆದ ಬೇಬ್ ರೂತ್ ಅವರಿಗೂ 1947ರಲ್ಲಿ ಕೊಡಲಾಯಿತು. ಕೆಲಕಾಲ ಚೇತರಿಸಿದಂತೆ ಕಂಡು 1948ರ ಆಗಸ್ಟ್ 16ರಂದು ಆತ ತೀರಿಕೊಂಡರು.

ಅಷ್ಟು ಹೊತ್ತಿಗೆ ಸುಬ್ಬರಾಯರೂ ಇರಲಿಲ್ಲ. ಅದೇ ತಿಂಗಳ ಎರಡನೆಯ ವಾರ, ಫಾರ್ಬರರ ವರದಿ ಪ್ರಕಟವಾಗಿ ಎರಡೇ ತಿಂಗಳಿಗೆ, ಅವರು ರಾತ್ರಿ ಮಲಗಿದವರು ಏಳಲಿಲ್ಲ. ಹೃದಯಾಘಾತವೆಂದರು. ವಯಸ್ಸು 53. ತಾತ್ಕಾಲಿಕವೆಂದು ಫಾರ್ಬರರು ಬರೆದ ಚೇತರಿಕೆ ಮುಂದೆ ಶಾಶ್ವತವಾಗುವುದನ್ನು ಅವರು ಕಾಣಲಿಲ್ಲ. ಬಸುರಿನ ಮಾಸಿನಿಂದ ಹುಟ್ಟುವ ಕ್ಯಾನ್ಸರೊಂದನ್ನು ಅಮೆರಿಕದ ವೈದ್ಯರು 1956ರಲ್ಲಿ ಮೆಥೊಟ್ರೆಕ್ಸೇಟ್ ಒಂದರಿಂದಲೇ ಬೇರುಸಹಿತ ಗುಣಪಡಿಸಿದರು. ಮಕ್ಕಳ ಲ್ಯುಕೀಮಿಯಾಕ್ಕೆ ಬೇರೆ ಮದ್ದುಗಳೊಡನೆ ಇದನ್ನು ಕೂಡಿಸಿ ಕೊಟ್ಟು, ಇಂದು ಶ್ರೀಮಂತ ದೇಶಗಳಲ್ಲಿ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ. ನಮ್ಮಲ್ಲಿ ಅಷ್ಟಿಲ್ಲ, ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಅದಕ್ಕೆ ಒಂದು ಮುಖ್ಯ ಕಾರಣ.

ಅವರ ಜನ್ಮಶತಾಬ್ದಿಯ 1995ರಲ್ಲಿ ಭಾರತ ಸರ್ಕಾರ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. 1922ರಲ್ಲಿ ಹೋದವರು ಒಮ್ಮೆಯೂ ಊರಿಗೆ ಮರಳಿರಲಿಲ್ಲ. ಇಪ್ಪತ್ತಾರು ವರ್ಷ ಭಾರತದಲ್ಲಿಯೇ ಉಳಿದಿದ್ದ ಶೇಷಗಿರಿಯಮ್ಮನವರು ಗಂಡನನ್ನು ಮತ್ತೆ ನೋಡಲಿಲ್ಲ.